ಖಾಲಿ ಹೋಗಬಾರದ ಕಾರ್ಡು

ಶಹಾಪುರದ ಪೇಟೆಯಲ್ಲಿ ನನಗೆ ಒಂದು ಪೈಸೆ ಮೋಸ ಮಾಡಿದವರಿಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಕಲಿಸಿದವನು ನಾನು. ‘ಲೆಕ್ಕಾ ಮಾಡಿಲ್ರಿ’ ಅಂದವರನ್ನು ಬೆಂಚಿನ ಮೇಲೆ ನಿಲ್ಲಿಸಿದವನು. ಕಿರಾಣಿ ಅಂಗಡಿಯವರು ಇವತ್ತಿಗೂ ನನ್ನ ಚೀಟಿಯನ್ನು ಎರಡೆರಡು ಸಲ ಕೂಡಿಸಿಯೇ ಕೊಡುತ್ತಾರೆ. ಇಂಥ ನನ್ನನ್ನು ಅಂಗೈಯಗಲದ ಒಂದು ಪ್ಲಾಸ್ಟಿಕ್ ಕಾರ್ಡು ನೆಲಕ್ಕೆ ಕೆಡವಿತು!

ಸುರಪುರದಲ್ಲಿ ನನ್ನ ಹೆಂಡತಿ ಮಹಾದೇವಿಯ ತಂಗಿಯ ಮಗಳ ಮದುವೆ. ಸೀರೆ ತರಲು ನಾವಿಬ್ಬರೂ ದೊಡ್ಡ ಶಹರಕ್ಕೆ ಹೊರಟಿದ್ದೆವು. ಬಾಜೂ ಮನೆಯ ಬಳೆ ವ್ಯಾಪಾರಿ ಸಿದ್ದಪ್ಪ ತಿಂಗಳಿಗೊಮ್ಮೆ ಅಲ್ಲಿಗೆ ಹೋಗಿಬರುವವನು. ಸುದ್ದಿ ಕೇಳಿದ್ದೇ ತಡ, ಅಲ್ಲಿನ ಮೆಟ್ರೋ ರೈಲಿನ ಸ್ಮಾರ್ಟ್ ಕಾರ್ಡು ತಂದು ನನ್ನ ಕೈಗಿಟ್ಟ.

“ಒಯ್ರಿ ಮಾಸ್ತರ. ನೂರಾ ಐವತ್ತು ಕೊಟ್ಟು ತಗೊಂಡೀನಿ, ಒಂದ್ ಸಲಾನೂ ಬಳಸಿಲ್ಲ. ಟಿಕೇಟಿಗಿ ಪಾಳಿ ಹಚ್ಚೂದು ತಪ್ಪತದ, ರೊಕ್ಕಾನೂ ಉಳೀತದ.”

ನಾನು ನಿಂತಲ್ಲೇ ಬಾಯಿಲೆಕ್ಕ ಮಾಡಿದೆ. ನನಗೆ ಹೋಗಲು ನಲವತ್ತು, ಬರಲು ನಲವತ್ತು. ಕಾರ್ಡಿನಲ್ಲಿ ಇನ್ನೂ ಎಪ್ಪತ್ತು ಉಳಿಯಿತು!

ಮಹಾದೇವಿಯ ಲೆಕ್ಕವೇ ಬೇರೆ. “ರೀ, ಇಪ್ಪತ್ತು ವರ್ಷ ಆತು, ಆ ಮನಿ ಬಟ್ಟಲ ಖಾಲಿ ಹೊಳ್ಳಿ ಹೋಗಿಲ್ಲ. ಅವರು ಸಜ್ಜಕ ಕೊಟ್ರ ನಾವು ಶೇಂಗಾ ಹೋಳಿಗಿ ಹಾಕಿ ಕಳಿಸೀವಿ. ಈ ಕಾರ್ಡೂ ಹಂಗೇ ತುಂಬಿ ಹೋಗ್ಬೇಕು.”

“ಪ್ಲಾಸ್ಟಿಕ್ಕಿನ್ಯಾಗ ಹೋಳಿಗಿ ಹೆಂಗ ಹಾಕ್ಲಿ?”

“ರೊಕ್ಕಾ ಹಾಕ್ರಿ! ಶಾಂತಮ್ಮನ ಮುಂದ ನನ್ನ ತಲಿ ತಗ್ಗಬಾರ್ದು.”

ಶಾಂತಮ್ಮ ಸಿದ್ದಪ್ಪನ ಹೆಂಡತಿ. ಎರಡು ಮನೆಗಳ ಸ್ನೇಹವೆಲ್ಲ ಆ ಹೋಗಿಬರುವ ಬಟ್ಟಲಿನ ಮೇಲೆಯೇ ನಿಂತಿದೆ. ಎಪ್ಪತ್ತು ಹೇಗೂ ಉಳಿಯುತ್ತದೆ, ಮೇಲೆ ನೂರು ಹಾಕಿದರಾಯಿತು ಎಂದು ಮಾತು ಕೊಟ್ಟೆ.

ಯಾದಗಿರಿಯವರೆಗೆ ಬಸ್ಸಿನಲ್ಲಿ ಆಕೆ ಆಧಾರ್ ತೋರಿಸಿ ಪುಕ್ಕಟೆ ಬಂದಳು. ನಾನು ಟಿಕೇಟು ತೆಗೆಸಿದೆ. ಅಲ್ಲಿಂದ ರೈಲು ಹಿಡಿದು ಶಹರ ಮುಟ್ಟಿದೆವು. ಮೆಟ್ರೋ ನಿಲ್ದಾಣದಲ್ಲಿ ನಾನು ಕಾರ್ಡು ಮುಟ್ಟಿಸಿದೆ, ಗೇಟು ತೆರೆಯಿತು. ಹಿಂದೆಯೇ ಮಹಾದೇವಿ ತನ್ನ ಆಧಾರ್ ಕಾರ್ಡನ್ನು ಯಂತ್ರಕ್ಕೆ ಒತ್ತಿದಳು. ತೆರೆಯಲಿಲ್ಲ. ತಿರುವಿ ಒತ್ತಿದಳು. ಸೆರಗಿನಿಂದ ಒರೆಸಿ ಒತ್ತಿದಳು! ಕಡೆಗೆ ನಲವತ್ತು ಕೊಟ್ಟು ಟೋಕನ್ ತಂದಳು.

“ಹೆಣ್ಮಕ್ಕಳಿಗಿ ಇಲ್ಲಿ ಮರ್ಯಾದಿ ಇಲ್ಲ ಬಿಡ್ರಿ.”

“ಶಾಣ್ಯಾರಿಗಿ ಅದ,” ಎಂದು ನಾನು ಕಾರ್ಡು ಬೀಸಿಕೊಂಡೆ.

ಇಳಿಯುವ ನಿಲ್ದಾಣದಲ್ಲಿ ಆಕೆ ಟೋಕನ್ ಹಾಕಿ ಸಲೀಸಾಗಿ ಹೊರಗೆ ಹೋದಳು. ನಾನು ಕಾರ್ಡು ಮುಟ್ಟಿಸಿದೆ. ಕೆಂಪು ದೀಪ! ಕೌಂಟರಿಗೆ ಓಡಿದೆ. ಅಲ್ಲಿದ್ದ ಹುಡುಗಿ, ನನ್ನ ಪುಣ್ಯಕ್ಕೆ, ಬೀದರ ಕಡೆಯವಳು.

“ಡಿಪಾಜಿಟ್ ನೂರು, ಕಾರ್ಡಿನ ಫೀಸ್ ಇಪ್ಪತ್ತು ಹೋಗ್ಯಾವ್ರಿ ಸರ. ಉಳದದ್ದು ಮೂವತ್ತು. ಹತ್ತು ಕಮ್ಮಿ ಬಿದ್ದಾವ.”

“ಡಿಪಾಜಿಟ್ಟು ನಮ್ಮದೇ ಅಲ್ಲೇನವ್ವಾ? ಅದರಾಗಿಂದ ಹತ್ತು ತಗಿ.”

“ನಿಮ್ದೇ ರೀ. ಆದ್ರ ಬಳಸಾಕ ಬರಂಗಿಲ್ಲ.”

ನಮ್ಮದೇ, ಆದರೆ ಬಳಸಲು ಬಾರದು! ಇಂಥದೊಂದು ಸಂಖ್ಯೆ ನಾನು ಕಲಿಸಿದ ಗಣಿತದಲ್ಲಿ ಇರಲಿಲ್ಲ. ಸಿಟ್ಟು ನೆತ್ತಿಗೇರಿತು. ಕೌಂಟರಿನ ಮುಂದೆ ನಿಂತು ಮೂಲಧನ ಎಂದರೇನು, ಶೇಷ ಎಂದರೇನು ಎಂದು ಉದಾಹರಣೆ ಸಹಿತ ವಿವರಿಸಿದೆ. ಹುಡುಗಿ ಪೂರ್ತಿ ಕೇಳಿದಳು. ಒಳ್ಳೆಯ ವಿದ್ಯಾರ್ಥಿನಿ! ಪಾಠ ಮುಗಿದ ಮೇಲೆ ಮೆತ್ತಗೆ ಅಂದಳು:

“ಸರ, ಒಳಗ ಭಾಳ ಹೊತ್ತು ನಿಂತ್ರ ದಂಡ ಅದರಿ. ಈಗ ಐವತ್ತು ಬಿತ್ತು.”

ಜೀವಮಾನವೆಲ್ಲ ಪಾಠ ಮಾಡಿ ಸಂಬಳ ತಗೊಂಡವನು, ಪಾಠ ಮಾಡಿ ದಂಡ ಕಟ್ಟಿದ್ದು ಅದೇ ಮೊದಲು. ಗೇಟಿನ ಆಚೆಯಿಂದ ಮಹಾದೇವಿ ಕೂಗಿದಳು, “ಶಾಣ್ಯಾರು ಯಾವಾಗ ಬರ್ತಾರಂತ?”

ನೂರು ತುಂಬಿಸಿದೆ. ತುಂಬಿಸಿದ್ದಕ್ಕೂ ಮೇಲೆ ಐದು ರೂಪಾಯಿ! ದಂಡ ಹೋಯಿತು, ಎರಡು ಸಲದ ಪ್ರಯಾಣದ ಹಣ ಹೋಯಿತು. ಸೀರೆ ಗಂಟು ಹೊತ್ತು ಮರಳಿ ಮೊದಲಿನ ನಿಲ್ದಾಣಕ್ಕೆ ಬಂದು ಇಳಿದಾಗ ಕಾರ್ಡಿನಲ್ಲಿ ದುಂಡನೆಯ ಸೊನ್ನೆ.

“ಬಟ್ಟಲ ತೊಳದು ಇಟ್ಟಂಗಾತಲ್ರಿ!” ಮಹಾದೇವಿ ಅಲ್ಲೇ ನಿಂತುಬಿಟ್ಟಳು. “ನೂರಾ ಐವತ್ತರ ಕಾರ್ಡು ಕೊಟ್ಟಾರ. ಇನ್ನೂರಾದ್ರೂ ಹಾಕ್ರಿ. ಇಲ್ಲಂದ್ರ ನಾ ಊರಿಗಿ ಬರಂಗಿಲ್ಲ.”

ಇನ್ನೂರು ಹಾಕಿದೆ. ಮೇಲೆ ಮತ್ತೆ ಐದು. ಸೀರೆ ಅಂಗಡಿಯಲ್ಲಿ ಗಂಟಲು ಹರಿದುಕೊಂಡು ಚೌಕಾಸಿ ಮಾಡಿದ್ದೆಲ್ಲ ಅಲ್ಲಿಗೆ ಸಮ ಆಯಿತು.

ಊರಿಗೆ ಬಂದ ಮರುದಿನ ಮುಂಜಾನೆ ತುಂಬಿದ ಕಾರ್ಡು ಹಿಡಿದು ಇಬ್ಬರೂ ಸಿದ್ದಪ್ಪನ ಮನೆಗೆ ಹೋದೆವು. ಮಹಾದೇವಿ ಹೊಸ ಸೀರೆ ಉಟ್ಟಿದ್ದಳು.

“ಯಾಕ ಹೊಳ್ಳಿ ತಂದ್ರಿ?” ಸಿದ್ದಪ್ಪನಿಗೆ ಆಶ್ಚರ್ಯ. “ನಾ ಈಗ ಫೋನಿನ್ಯಾಗೇ ಟಿಕೇಟ ತಗೀತೀನ್ರಿ, ಡಿಪಾಜಿಟ್ಟಿಲ್ಲ ಏನಿಲ್ಲ. ಅದು ನಿಮಗೇ ಅಂತ ಕೊಟ್ಟಿದ್ದು!”

ಶಾಂತಮ್ಮ ಒಳಗೆ ಹೋಗಿ ಬಟ್ಟಲು ತುಂಬ ಕರಿಗಡಬು ತಂದಳು. ಮೇಲೆ ಕಾರ್ಡು ಇಟ್ಟು ಮಹಾದೇವಿಯ ಕೈಗೆ ಕೊಟ್ಟಳು. “ನಮ್ಮನಿಯಿಂದಾನೂ ಏನೂ ಖಾಲಿ ಹೋಗಂಗಿಲ್ಲವ್ವಾ.”

ಮಹಾದೇವಿಯ ಮುಖ ಅರಳಿತು. ಅದನ್ನು ಕಂಡು ನನಗೂ ಖರೇನೇ ಸಂತೋಷವಾಯಿತು. ಇನ್ನೂರು ರೂಪಾಯಿ ನಮ್ಮದೇ. ಬಳಸಬೇಕೆಂದರೆ ಮಾತ್ರ ಮತ್ತೆ ಶಹರಕ್ಕೆ ಹೋಗಬೇಕು. ಇರಲಿ ಎಂದು ಒಂದು ಕಡಬು ಬಾಯಿಗಿಟ್ಟುಕೊಂಡೆ.

ಅಷ್ಟರಲ್ಲಿ ಸಿದ್ದಪ್ಪ ಕೇಳಿದ, “ಅಂದಂಗ ಮಾಸ್ತರ, ಕಾರ್ಡಿನಿಂದ ಎಷ್ಟ ಉಳೀತ್ರಿ?”

ಮಹಾದೇವಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದಳು. ನಾನು ಕಡಬು ನುಂಗಿದೆ.

“ಲೆಕ್ಕಾ ಮಾಡಿಲ್ರಿ,” ಅಂದೆ.

ಆ ಮನೆಯಲ್ಲಿ ಬೆಂಚು ಇರಲಿಲ್ಲ, ಪುಣ್ಯ.