ಪಾತಾಳದಲ್ಲಿ ಪುಕ್ಕ ಉದುರಿದ್ದು

ಭೂಮಿಯ ಮೇಲಿರುವ ಯಾವ ಜಾಗವನ್ನು ನೋಡುವುದಕ್ಕೂ ನನಗೆ ಗೈಡ್ ಬೇಕಿಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಭೂಮಿಯ ಕೆಳಗಿರುವ ಜಾಗಕ್ಕೂ ಬೇಕಿಲ್ಲ ಎಂದು ಸಾಧಿಸಲು ಹೊರಟೆ ನೋಡಿ, ಅಲ್ಲಿಗೆ ಕೆಟ್ಟಿತು.

ನಾವಿರುವುದು ಡೆಟ್ರಾಯ್ಟ್ ಪಕ್ಕದ ನಾರ್ತ್‌ವಿಲ್‌ನಲ್ಲಿ. ನನ್ನ ಹೆಂಡತಿ ವಸುಧಾ ಮಕ್ಕಳ ಡಾಕ್ಟರು. ನಾನು ವಿಕ್ಸಮ್‌ನ ಒಂದು ಕಾರ್ಖಾನೆಯಲ್ಲಿ ಕಾರಿನ ಸೀಟುಗಳಲ್ಲಿ ತಪ್ಪು ಹುಡುಕುವ ಎಂಜಿನಿಯರು. ಕಾರ್ಖಾನೆಯಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ. ಉಳಿದ ಕಡೆ ಅದು ನನ್ನ ಉಚಿತ ಸೇವೆ!

ಈ ಸಲ ಬೆಂಗಳೂರಿನಿಂದ ವಾಪಸು ಬರುವಾಗ ಇಸ್ತಾಂಬುಲ್‌ನಲ್ಲಿ ವಿಮಾನ ಬದಲಿಸಬೇಕಿತ್ತು. ಹೇಗೂ ದಾರಿಯಲ್ಲೇ ಇದೆಯಲ್ಲ, ಟರ್ಕಿಯ ಕಪಡೋಕಿಯ ನೋಡಿಕೊಂಡೇ ಹೋಗೋಣ ಎಂದು ವಸುಧಾ ಹಟ ಹಿಡಿದಳು. ಷಿಕಾಗೋ ಹತ್ತಿರದ ಲೆಮಾಂಟ್‌ನಲ್ಲಿರುವ ಅವಳ ಅಣ್ಣ, ಅಂದರೆ ನನ್ನ ಭಾವ ಶ್ರೀಧರ ರಾವ್ ಕೂಡ ಜೊತೆಯಾದರು. ಅವರ ಹೆಂಡತಿ ತಮ್ಮ ತಂಗಿಯ ಮನೆಯ ಗೃಹಪ್ರವೇಶಕ್ಕೆಂದು ಬೆಂಗಳೂರಿನಲ್ಲೇ ಉಳಿದಿದ್ದರು. ಭಾವ ನಿವೃತ್ತ ಬ್ಯಾಂಕ್ ಅಧಿಕಾರಿ, ಶುದ್ಧ ಸಾತ್ವಿಕ. ನಮ್ಮ ಮದುವೆಯಾದಾಗಿನಿಂದ ಇವತ್ತಿನವರೆಗೆ ನನ್ನನ್ನು 'ನೀವು' ಎಂದೇ ಮಾತಾಡಿಸಿದವರು.

ಕಣಿವೆಗಳು, ಬಂಡೆ ಕೊರೆದು ಮಾಡಿದ ಚರ್ಚುಗಳು, ನೆಲದಡಿಯ ಪುರಾತನ ಊರು, ಎಲ್ಲವನ್ನೂ ಒಂದೇ ದಿನದಲ್ಲಿ ತೋರಿಸುವ ಟೂರನ್ನು ವಸುಧಾ ಬುಕ್ ಮಾಡಿದಳು.

"ಗೈಡ್ ಯಾಕೆ ದಂಡ? ಆ ಜಾಗದ ಮೇಲಿರೋ ವಿಡಿಯೋ ಎಲ್ಲಾ ನೋಡಿದೀನಿ. ನನ್ನನ್ನ ಕೇಳು, ಹೇಳ್ತೀನಿ" ಎಂದೆ.

"ನೀವು ಹೇಳ್ತೀರಿ ಅಂತಾನೇ ಗೈಡ್‌ನ ಬುಕ್ ಮಾಡಿದ್ದು" ಎಂದಳು.

ಗೈಡ್ ಹೆಸರು ಎಲಿಫ್. ನಮ್ಮ ಮಗಳ ವಯಸ್ಸಿನ ಹುಡುಗಿ. ಬಸ್ಸಿನಲ್ಲಿ ಮೈಕ್ ಹಿಡಿದು ಇಂಗ್ಲಿಷಿನಲ್ಲಿ ಚೆನ್ನಾಗಿಯೇ ವಿವರಿಸುತ್ತಿದ್ದಳು. ನಾನು ಮೊದಲ ಸೀಟಿನಲ್ಲಿ ಕೂತು, ಅವಳು ಉಸಿರು ತೆಗೆದುಕೊಳ್ಳುವ ಸಂದಿಯಲ್ಲಿ ಸಣ್ಣಪುಟ್ಟ ತಿದ್ದುಪಡಿ ಮಂಡಿಸುತ್ತಿದ್ದೆ. ಮೊದಲನೆಯ ತಿದ್ದುಪಡಿಗೆ ಅವಳು ನಕ್ಕಳು. ಎರಡನೆಯದಕ್ಕೆ ಥ್ಯಾಂಕ್ಸ್ ಹೇಳಿದಳು. ಮೂರನೆಯದಕ್ಕೆ ಮೈಕನ್ನು ಬಸ್ಸಿನ ಹಿಂಭಾಗಕ್ಕೆ ತೆಗೆದುಕೊಂಡು ಹೋದಳು.

ನೆಲದಡಿಯ ಊರಿನ ಬಾಗಿಲಲ್ಲಿ ಎಲಿಫ್ ಎಲ್ಲರನ್ನೂ ನಿಲ್ಲಿಸಿ ಎಚ್ಚರಿಕೆ ಕೊಟ್ಟಳು. ಸುರಂಗಗಳು ತುಂಬಾ ಕಿರಿದು, ಬಗ್ಗಿಕೊಂಡೇ ನಡೆಯಬೇಕು. ಕೆಂಪು ಬಾಣ ಒಳಗೆ ಹೋಗುವ ದಾರಿ, ನೀಲಿ ಬಾಣ ಹೊರಗೆ ಬರುವ ದಾರಿ. ದಪ್ಪ ಜಾಕೆಟ್ಟು, ಬ್ಯಾಗು ಎಲ್ಲ ಬಸ್ಸಿನಲ್ಲೇ ಬಿಡಿ. ಮುಚ್ಚಿದ ಜಾಗ ಅಂದರೆ ಭಯ ಇರುವವರು ಈಗಲೇ ಹೇಳಿ.

ಭಾವ ಬಾಯಿ ತೆರೆದರು. ನಾನು ಅವರ ಬೆನ್ನು ತಟ್ಟಿ, "ನಾನಿದೀನಲ್ಲ ಭಾವ" ಎಂದೆ. ಅವರು ಬಾಯಿ ಮುಚ್ಚಿಕೊಂಡರು.

ಎಲ್ಲರೂ ಜಾಕೆಟ್ ಕಳಚಿದರು. ನಾನು ಕಳಚಲಿಲ್ಲ. ನೆಲದಡಿ ಐವತ್ತೈದು ಡಿಗ್ರಿ ಫ್ಯಾರನ್‌ಹೀಟ್ ಎಂದು ವಿಡಿಯೋದಲ್ಲಿ ಹೇಳಿದ್ದರು. ಡೆಟ್ರಾಯ್ಟಿನ ಹಿಮಕ್ಕೆಂದು ಬೆಂಗಳೂರಿನ ಬಿಸಿಲಲ್ಲೂ ಹೊತ್ತು ತಿರುಗಿದ್ದ ನನ್ನ ಜಾಕೆಟ್ಟು ಅಪ್ಪಟ ಬಾತುಕೋಳಿ ಪುಕ್ಕ ತುಂಬಿದ್ದು. ಅದನ್ನು ಹಾಕಿಕೊಂಡರೆ ನಾನು ನೋಡಲು ಮಡಿಸಿಟ್ಟ ಹಾಸಿಗೆಯಂತೆ ಕಾಣುತ್ತೇನೆ ಎಂದು ವಸುಧಾ ಹೇಳುತ್ತಾಳೆ.

"ರೀ, ಆ ಹುಡುಗಿ ಬಿಚ್ಚಿ ಅಂದ್ಳಲ್ಲ?"

"ಅದು ಜನರಲ್ ಇನ್‌ಸ್ಟ್ರಕ್ಷನ್ನು. ನಮಗಲ್ಲ."

ಒಳಗೆ ಇಳಿದೆವು. ಸುಳ್ಳು ಯಾಕೆ ಹೇಳಲಿ, ಅದ್ಭುತ! ಬಂಡೆಯನ್ನು ಕೊರೆದು ದನದ ಕೊಟ್ಟಿಗೆ, ಉಗ್ರಾಣ, ದ್ರಾಕ್ಷಿ ಹಿಂಡುವ ತೊಟ್ಟಿ, ಮೇಲಿನಿಂದ ಕೆಳಗಿನವರೆಗೂ ಗಾಳಿ ಬರಲು ಬಾವಿಯಂಥ ಕೊಳವೆ, ಎಲ್ಲ ಮಾಡಿಕೊಂಡಿದ್ದಾರೆ. ಶತ್ರುಗಳು ಬಂದರೆ ಗಾಣದ ಕಲ್ಲಿನಂಥ ದುಂಡು ಬಾಗಿಲನ್ನು ಉರುಳಿಸಿ ದಾರಿ ಮುಚ್ಚುತ್ತಿದ್ದರಂತೆ. ಒಬ್ಬೊಬ್ಬನೇ ಬಗ್ಗಿ ಬರಲಿ ಎಂದೇ ಸುರಂಗಗಳನ್ನು ಅಷ್ಟು ಇಕ್ಕಟ್ಟಾಗಿ ಕೊರೆದಿದ್ದಂತೆ.

ಎಲಿಫ್ ಮಸಿ ಹಿಡಿದ ಅಡುಗೆಮನೆಯ ಬಗ್ಗೆ ಹೇಳುತ್ತಿದ್ದಳು. ಆ ಅಡುಗೆಮನೆಯನ್ನು ನಾನು ವಿಡಿಯೋದಲ್ಲಿ ನೋಡಿಯಾಗಿತ್ತು. ಮೇಲಿನ ಅಂತಸ್ತಿನಲ್ಲಿ ಒಂದು ಪುಟ್ಟ ಚರ್ಚು ಇರುವುದೂ ಗೊತ್ತಿತ್ತು. ಭಾವನ ತೋಳು ಹಿಡಿದು ಪಿಸುಗುಟ್ಟಿದೆ. "ಬನ್ನಿ ಭಾವ, ಎರಡೇ ನಿಮಿಷ. ಇವಳು ತೋರ್ಸೋಕೆ ಮುಂಚೆ ನೋಡ್ಕೊಂಡು ಬಂದ್ಬಿಡೋಣ."

"ಆ ಕೆಂಪು ಬಾಣ ನಮ್ಮ ಕಡೆಗೇ ಇದೆಯಲ್ರೀ ಮೂರ್ತಿ? ಅದು ಮೇಲಿಂದ ಇಳಿದು ಬರೋ ದಾರಿ ಅಲ್ವಾ?"

"ಅದು ಟೂರಿಸ್ಟುಗಳಿಗೆ, ಭಾವ."

ಅದು ನಾವು ಇಳಿದು ಬಂದದ್ದಕ್ಕಿಂತ ಕಿರಿದಾದ ಬೇರೆ ಸುರಂಗ. ನಾನು ಮುಂದೆ, ಭಾವ ಹಿಂದೆ. ಸುರಂಗ ಮೊದಲು ಕುತ್ತಿಗೆ ಬಗ್ಗಿಸಿತು, ಆಮೇಲೆ ಸೊಂಟ ಬಗ್ಗಿಸಿತು. ಒಂದು ತಿರುವಿನಲ್ಲಿ ನಾನು ಎಡಭುಜ ತೂರಿಸಿದೆ, ತಲೆ ತೂರಿಸಿದೆ, ಉಳಿದದ್ದನ್ನು ತೂರಿಸಲು ಹೊರಟೆ. ಉಳಿದದ್ದು ಬರಲಿಲ್ಲ! ಹಿಂದಕ್ಕೆ ಸರಿಯೋಣವೆಂದರೆ ಜಾಕೆಟ್ಟು ಕತ್ತಿನವರೆಗೂ ಮೇಲೇರಿ, ಸೀಸೆಗೆ ಬಿರಡೆ ಹಾಕಿದಂತೆ ಕಚ್ಚಿಕೊಂಡಿತು. ಶತ್ರುವನ್ನು ತಡೆಯುವುದು ಆ ಸುರಂಗ ಕೊರೆದವರ ಉದ್ದೇಶವಾಗಿತ್ತು. ಎಷ್ಟು ಶತಮಾನ ಕಳೆದರೂ ಕೆಲಸದಲ್ಲಿ ಒಂದಿಷ್ಟೂ ಲೋಪವಿಲ್ಲ!

ಅಷ್ಟರಲ್ಲಿ ಎದುರಿನಿಂದ ಬೆಳಕು ಬಂತು. ಸ್ಪೇನಿನ ಹಿರಿಯರ ಒಂದು ಗುಂಪು ಕೆಂಪು ಬಾಣವನ್ನು ಗೌರವಿಸಿಕೊಂಡು ಇಳಿದು ಬರುತ್ತಿತ್ತು. ಮುಂದಿದ್ದ ಅಜ್ಜಿ ತಿರುವಿನಲ್ಲಿ ಟಾರ್ಚ್ ಬಿಟ್ಟಾಗ ಗೋಡೆಯಲ್ಲಿ ನನ್ನ ತಲೆ ಮಾತ್ರ ಕಾಣಿಸಿತು. ಅವರು ಕಿರುಚಿದರು. ಮರ್ಯಾದೆಗೆ "ಗುಡ್ ಮಾರ್ನಿಂಗ್" ಎಂದೆ. ಇನ್ನೂ ಜೋರಾಗಿ ಕಿರುಚಿದರು.

ಹಿಂದಿನಿಂದ ಭಾವನ ದನಿ ಕೇಳಿತು. "ಮೂರ್ತಿ, ಯಾಕೆ ನಿಂತ್ರಿ?"

"ಸ್ವಲ್ಪ ಟ್ರಾಫಿಕ್ಕು, ಭಾವ."

"ನಿಮಗೆ ಹೇಳಿರ್ಲಿಲ್ಲ... ನಂಗೆ ಲಿಫ್ಟಲ್ಲೂ ಭಯ ಆಗುತ್ತೆ. ಈಗ ಉಸಿರು ಕಟ್ತಾ ಇದೆ ಕಣ್ರೀ."

ನನ್ನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಆಗ ಮಾತ್ರ ನನಗೆ ನಿಜವಾಗಿ ಹೆದರಿಕೆಯಾಯಿತು. ಪಾಪ, ಬಾಗಿಲಲ್ಲೇ ಹೇಳಲು ಹೊರಟಿದ್ದ ಮನುಷ್ಯನ ಬಾಯಿ ಮುಚ್ಚಿಸಿ ಇಲ್ಲಿಗೆ ಎಳೆದು ತಂದವನು ನಾನೇ. ಏನಾದರೂ ಹೆಚ್ಚುಕಮ್ಮಿಯಾದರೆ ವಸುಧಾಗೆ ಯಾವ ಮುಖ ತೋರಿಸಲಿ? ತೋರಿಸಲು ಸದ್ಯಕ್ಕೆ ಮುಖವೊಂದೇ ಹೊರಗಿದ್ದದ್ದು, ಆ ಮಾತು ಬೇರೆ.

"ಭಾವ, ಕಣ್ಣು ಮುಚ್ಕೊಳ್ಳಿ. ಮಗ್ಗಿ ಹೇಳಿ. ಹದಿಮೂರರ ಮಗ್ಗಿ. ಜೋರಾಗಿ!"

ಬ್ಯಾಂಕಿನವರಿಗೆ ಅಂಕಿ ಎಂದರೆ ತಾಯಿಯ ಮಡಿಲು. "ಹದಿಮೂರೊಂದ್ಲ ಹದಿಮೂರು... ಹದಿಮೂರೆರಡ್ಲ ಇಪ್ಪತ್ತಾರು..." ಎಂದು ಶುರುಮಾಡಿದರು. ಸುರಂಗದಲ್ಲಿ ಆ ದನಿ ಗುಡಿಯ ಗಂಟೆಯಂತೆ ಮೊಳಗಿತು. ಎದುರಿನ ಅಜ್ಜಿ ಹಿಂದಿದ್ದವರಿಗೆ ಏನೋ ಹೇಳಿದರು. ಎಲ್ಲರೂ ಟೋಪಿ ತೆಗೆದು, ಕಣ್ಣು ಮುಚ್ಚಿ, ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡರು. ನನ್ನ ಕೊನೆಯ ಪ್ರಾರ್ಥನೆ ನಡೆಯುತ್ತಿದೆ ಎಂದುಕೊಂಡರೋ ಏನೋ!

ಕೆಳಗೆ ವಸುಧಾ ಗಾಳಿಯ ಕೊಳವೆಯ ಪಕ್ಕದಲ್ಲೇ ನಿಂತಿದ್ದಳಂತೆ. ಕೊಳವೆಯಿಂದ "ಹದಿಮೂರೈದ್ಲ ಅರವತ್ತೈದು" ಎಂಬ ಅಶರೀರವಾಣಿ ಕೇಳಿಸಿತಂತೆ. ಅವಳು ಎಲಿಫ್‌ಗೆ, "ಅದು ನಮ್ಮಣ್ಣ. ಅಣ್ಣ ಅಲ್ಲಿದ್ದಾನೆ ಅಂದ್ರೆ ನಮ್ಮನೆಯವರೂ ಅಲ್ಲೇ ಇದ್ದಾರೆ. ಏನೋ ಕೆಟ್ಟಿದೆ" ಎಂದಳಂತೆ.

ಇತ್ತ ಭಾವನ ಉಸಿರು ಹದಕ್ಕೆ ಬರುತ್ತಿತ್ತು. "ಹದಿಮೂರಾರ್ಲ ಎಪ್ಪತ್ತೆಂಟು... ಹದಿಮೂರೇಳ್ಲ ತೊಂಬತ್ತೆರಡು..."

"ತೊಂಬತ್ತೊಂದು!" ಎಂದೆ ನಾನು.

ಹಿಂದೆ ಮಗ್ಗಿ ನಿಂತುಹೋಯಿತು.

"ಏನಂದೆ?" ಎಂದರು ಭಾವ.

"ತೊಂಬತ್ತೊಂದು, ಭಾವ. ತೊಂಬತ್ತೆರಡಲ್ಲ."

"ಲೋ! ಸಿಕ್ಕಾಕ್ಕೊಂಡು ಸಾಯ್ತಾ ಇದ್ರೂ ತಿದ್ದೋದು ಬಿಡಲ್ವೇನೋ ನೀನು?"

ಮದುವೆಯಾದಾಗಿನಿಂದ ಕಾಪಾಡಿಕೊಂಡು ಬಂದಿದ್ದ ಬಹುವಚನ ಅಲ್ಲಿ ಮಣ್ಣುಪಾಲಾಯಿತು! ಏಕವಚನದ ಜೊತೆಗೇ ಎರಡು ಕೈಗಳು ನನ್ನ ಹಿಂಭಾಗಕ್ಕೆ ಬಂದು ಅಪ್ಪಳಿಸಿದವು. ಸಾತ್ವಿಕರ ಸಿಟ್ಟಿನಲ್ಲಿ ಅಷ್ಟು ಬಲವಿರುತ್ತದೆಂದು ನನಗೆ ತಿಳಿದಿರಲಿಲ್ಲ. ಚರ್ರ್ ಎಂದಿತು. ನಾನು ಬಿರಡೆಯಂತೆ ಹಾರಿ ಅಜ್ಜಿಯ ಕಾಲ ಬುಡದಲ್ಲಿ ಬಿದ್ದೆ. ಜಾಕೆಟ್ಟಿನ ಬೆನ್ನು ಅಡ್ಡಕ್ಕೆ ಸೀಳಿ ಬಾತುಕೋಳಿಗಳೆಲ್ಲ ಒಟ್ಟಿಗೆ ಬಿಡುಗಡೆಯಾದವು!

ಸುರಂಗದ ತುಂಬ ಪುಕ್ಕ. ಸ್ಪೇನಿನವರು ಸೀನಿದರು, ಭಾವ ಸೀನಿದರು, ಓಡಿಬಂದ ಎಲಿಫ್ ಸೀನಿದಳು. ಒಬ್ಬೊಬ್ಬರು ಸೀನಿದಾಗಲೂ ಇನ್ನಷ್ಟು ಪುಕ್ಕ ಮೇಲೇಳುತ್ತಿತ್ತು. ಎಲಿಫ್ ಎಲ್ಲರನ್ನೂ ಹಿಂದೆ ಸರಿಸಿ, ಭಾವನ ಕೈ ಹಿಡಿದು ಮೇಲಿನ ಅಗಲವಾದ ಕೋಣೆಗೆ ಕರೆತಂದು, ನೀರು ಕುಡಿಸಿದಳು. ಅದೇ ನಾನು ಹುಡುಕಿಕೊಂಡು ಹೊರಟಿದ್ದ ಚರ್ಚು. ಭಾವ ಅದರ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

ವಸುಧಾ ಮೊದಲು ಅಣ್ಣನ ನಾಡಿ ನೋಡಿದಳು. ಆಮೇಲೆ ನನ್ನ ಕಿವಿಯಿಂದ ಒಂದು ಪುಕ್ಕ ತೆಗೆದು, "ಜನರಲ್ ಇನ್‌ಸ್ಟ್ರಕ್ಷನ್ನು" ಎಂದಳು. ಅಷ್ಟೇ.

ಹೊರಗೆ ಚಳಿ. ಡ್ರೈವರ್ ಕನಿಕರಪಟ್ಟು ಬಸ್ಸಿನಲ್ಲಿದ್ದ ನೀಲಿ ಜಾಕೆಟ್ಟೊಂದನ್ನು ಕೊಟ್ಟ. ಹಾಕಿಕೊಂಡೆ. ಹೇಳಿ ಮಾಡಿಸಿದಂತಿತ್ತು. ವಸುಧಾ ನನ್ನ ಬೆನ್ನನ್ನು ನೋಡಿ ಏನೋ ಹೇಳಲು ಹೊರಟು ಸುಮ್ಮನಾದಳು. ಅವಳು ಸುಮ್ಮನಾದಾಗಲೇ ನಾನು ಹುಷಾರಾಗಬೇಕಿತ್ತು.

ಮಧ್ಯಾಹ್ನ ಇಹ್ಲಾರ ಕಣಿವೆ. ಎರಡೂ ಕಡೆ ಗೋಡೆಯಂಥ ಬಂಡೆ, ನಡುವೆ ಪುಟ್ಟ ಹೊಳೆ, ದಂಡೆಯಲ್ಲಿ ಪಾಪ್ಲರ್ ಮರಗಳು. ಭಾವ ನನ್ನ ಜೊತೆ ಮಾತು ಬಿಟ್ಟಿದ್ದರಿಂದ ನಾನು ಎಲ್ಲರಿಗಿಂತ ಮುಂದೆ, ಗಂಭೀರವಾಗಿ ನಡೆಯುತ್ತಿದ್ದೆ. ಕಾಲುದಾರಿಯಲ್ಲಿ ಬೇರೆ ಬಸ್ಸಿನ ದಂಪತಿಗಳಿಬ್ಬರು ನನ್ನ ಬಳಿ ಬಂದು, ಈ ಹೊಳೆಯ ಹೆಸರೇನು ಎಂದು ವಿನಯದಿಂದ ಕೇಳಿದರು. ಹೇಳಿದೆ. ಇನ್ನಿಬ್ಬರು ಗುಹೆಯ ಚಿತ್ರಗಳ ಬಗ್ಗೆ ಕೇಳಿದರು. ಅದನ್ನೂ ಹೇಳಿದೆ, ಸ್ವಲ್ಪ ವಿಸ್ತಾರವಾಗಿಯೇ. ನೋಡನೋಡುತ್ತ ಹಿಂದೆ ಒಂದು ಸಣ್ಣ ಜಾತ್ರೆ ಸೇರಿತು. ಬೆಳಗಿನ ಗಾಯಕ್ಕೆ ಮುಲಾಮು ಸವರಿದಂತಾಯಿತು. ವಿದ್ವತ್ತು ಎಂಬುದು ಮುಖದಲ್ಲಿ ಕಂಡೇ ಕಾಣುತ್ತದೆ ಎಂದುಕೊಂಡೆ!

"ಊಟದ ಜಾಗ ಯಾವ ಕಡೆ?" ಎಂದು ಯಾರೋ ಕೇಳಿದರು.

"ನನ್ನ ಹಿಂದೆ ಬನ್ನಿ" ಎಂದೆ.

ಊಟದ ಹೋಟೆಲು ಹೊಳೆ ಹರಿಯುವ ದಿಕ್ಕಿನಲ್ಲಿತ್ತು. ನಾನು ಹರಿದು ಬರುವ ದಿಕ್ಕಿನಲ್ಲಿ ಕರೆದುಕೊಂಡು ಹೋದೆ. ವಿಡಿಯೋ ಮಾಡಿದವನು ಆ ತುದಿಯಿಂದ ಬಂದಿದ್ದ, ಅವನ ತಪ್ಪು. ನಡೆದೆವು, ನಡೆದೆವು. ದಾರಿಯ ಕೊನೆಗೆ ಆಕಾಶಕ್ಕೆ ಹೋಗುವಂಥ ಮೆಟ್ಟಿಲುಗಳು ಸಿಕ್ಕವು. ಏದುಸಿರು ಬಿಡುತ್ತ ಹತ್ತಿದೆವು. ಮೇಲೆ ಬೀಗ ಹಾಕಿದ ಟೀ ಅಂಗಡಿ. ಅದರ ಮುಂದೆ ಮಲಗಿದ್ದ ನಾಯಿ ಒಂದು ಕಣ್ಣು ತೆರೆದು ನಮ್ಮನ್ನು ನೋಡಿ ಮತ್ತೆ ಮುಚ್ಚಿಕೊಂಡಿತು.

"ಇದೇನಾ ಊಟ?" ಎಂದು ಒಬ್ಬಾಕೆ ಕೇಳಿದಳು.

"ಕ್ಷಮಿಸಿ, ನಾನೂ ನಿಮ್ಮ ಹಾಗೇ ನೋಡಲು ಬಂದವನು" ಎಂದೆ.

"ಸುಳ್ಳು ಹೇಳಬೇಡಿ. ನಿಮ್ಮ ಬೆನ್ನ ಮೇಲೇ ಬರೆದಿದೆಯಲ್ಲ!"

ಜಾಕೆಟ್ ಬಿಚ್ಚಿ ನೋಡಿದೆ. ಬೆನ್ನಿನ ಅಗಲಕ್ಕೂ ಬಿಳಿಯ ದೊಡ್ಡ ಅಕ್ಷರಗಳಲ್ಲಿ 'ಗೈಡ್' ಎಂದು ಬರೆದಿತ್ತು.

ವಸುಧಾಗೆ ಫೋನ್ ಮಾಡಿದೆ. ಅವಳು ಹೊಳೆಯ ದಂಡೆಯಲ್ಲಿ ಕೂತು ಬಿಸಿಬಿಸಿ ಬೇಳೆ ಸೂಪ್ ಕುಡಿಯುತ್ತಿದ್ದಳು. ಎಲಿಫ್ ನಮ್ಮ ಬಸ್ಸನ್ನೇ ಅಲ್ಲಿಗೆ ತಂದು, ಜನರನ್ನೆಲ್ಲ ಹತ್ತಿಸಿ, ಅವರವರ ಗೈಡುಗಳಿಗೆ ಫೋನ್ ಮಾಡಿ ಕ್ಷಮೆ ಕೇಳಿದಳು. ಆಮೇಲೆ ನನ್ನ ಪಕ್ಕ ಬಂದು ಮೆತ್ತಗೆ ಹೇಳಿದಳು.

"ಸರ್, ಬೆಳಗ್ಗೆ ನಾನು ಇಬ್ಬರನ್ನು ಕಳೆದುಕೊಂಡೆ. ನೀವು ಇನ್ನೊಂದು ಬಸ್ಸನ್ನೇ ಕಳೆದುಹಾಕಿದಿರಿ."

ತಿದ್ದಲು ಏನೂ ಇರಲಿಲ್ಲ.

ಊರಿಗೆ ಬಂದ ಮೇಲಾದರೂ ವಿಷಯ ತಣ್ಣಗಾಗಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಸ್ನೇಹಿತರೆಲ್ಲ ಊಟಕ್ಕೆ ಸೇರುವ ದಿನವೇ ಭಾವ ಲೆಮಾಂಟ್‌ನಿಂದ ಅಷ್ಟು ದೂರ ಡ್ರೈವ್ ಮಾಡಿಕೊಂಡು ಬಂದರು. ನನ್ನ ಹೊಟ್ಟೆ ಸುರಂಗದಲ್ಲಿ ಸಿಕ್ಕಿಕೊಂಡ ಕಥೆ ಹೇಳುವುದಕ್ಕೆಂದೇ ಬಂದರು! ನಾನು ಜ್ವಾಲಾಮುಖಿಯ ಬೂದಿ, ಪುರಾತನ ಚರ್ಚು ಎಂದು ಶುರುಮಾಡಿದರೆ, ಪಕ್ಕದ ಬೀದಿಯ ಸ್ನೇಹಾ, "ಅಂಕಲ್, ಅದೆಲ್ಲ ಆನ್‌ಲೈನ್ ಇದೆ. ನೀವು ಸಿಕ್ಕಾಕ್ಕೊಂಡಿದ್ದು ಹೇಳಿ, ಪ್ಲೀಸ್" ಎಂದಳು.

"ಅದು ಹೊಟ್ಟೆಯ ದೋಷವಲ್ಲಮ್ಮ, ಜಾಕೆಟ್ಟಿನದು" ಎಂದು ನಾನು ಎದ್ದು ನಿಂತೆ. "ಜಾಕೆಟ್ ಇಲ್ದಿದ್ರೆ ಎಷ್ಟು ಸಲೀಸು ಅಂತ ಈಗ್ಲೇ ತೋರಿಸ್ತೀನಿ!"

ಊಟದ ಮೇಜಿನ ಕೆಳಗೆ, ಕುರ್ಚಿಗಳ ಕಾಲಿನ ನಡುವೆ ತೂರಿದೆ. ಎಡಭುಜ ಹೋಯಿತು. ತಲೆ ಹೋಯಿತು.

ಉಳಿದದ್ದು ಹೋಗಲಿಲ್ಲ.

ಭಾವ ಬಗ್ಗಿ ನೋಡಿ, "ಮೂರ್ತಿ, ಹೇಗಿದೀರಿ?" ಎಂದು ಬಹಳ ಮರ್ಯಾದೆಯಿಂದ ವಿಚಾರಿಸಿದರು. ಮೇಜು ಎತ್ತದೆ ನನ್ನನ್ನು ಹೊರಗೆ ತೆಗೆಯುವಂತಿರಲಿಲ್ಲ. ಆದರೆ ಮೇಜಿನ ಮೇಲೆ ಬಿಸಿಬೇಳೆಬಾತು, ಸಾರು, ಪಾಯಸ ಎಲ್ಲ ಜೋಡಿಸಿ ಆಗಿತ್ತು. ಹಾಗಾಗಿ, ಎಲ್ಲರ ಊಟ ಮುಗಿದ ಮೇಲೆ ಎತ್ತಿದರು.