ನಲವತ್ತೆರಡು ಶೌಚಾಲಯಗಳ ಏಕಕಾಲಿಕ ಬದಲಾವಣೆ

ಜಗಳೂರು ತಾಲ್ಲೂಕಿನ ಕರೇಮರಡಿಹಳ್ಳಿಯಲ್ಲಿ ನಲವತ್ತೆರಡು ಶೌಚಾಲಯಗಳಿವೆ. ನಲವತ್ತೆರಡೂ ಬೊಮ್ಮಕ್ಕನ ಹಿತ್ತಲಲ್ಲಿವೆ. ಅವಕ್ಕೆಲ್ಲ ಒಂದೇ ಗೋಡೆ, ಒಂದೇ ಬಾಗಿಲು, ಒಂದೇ ಬಕೆಟ್ಟು. ಪಂಚಾಯಿತಿಯ ಕಂಪ್ಯೂಟರು ಹೇಳುವುದೂ ನಲವತ್ತೆರಡೆಂದೇ, ಹಿತ್ತಲಿನ ವಿಚಾರವೊಂದನ್ನು ಬಿಟ್ಟು.

ಇದರಲ್ಲಿ ಯಾರ ಮೋಸವೂ ಇಲ್ಲ. ಎಂಟು ವರ್ಷದ ಹಿಂದೆ, ಫಲಾನುಭವಿಗಳು ತಂತಮ್ಮ ಶೌಚಾಲಯದ ಮುಂದೆ ನಿಂತ ಫೋಟೊ ತಿಂಗಳ ಕೊನೆಯೊಳಗೆ ಬರಬೇಕೆಂದು ಮೇಲಿನಿಂದ ಆದೇಶವಾಯಿತು. ಅವತ್ತಿಗೆ ಊರಲ್ಲಿ ಪೂರ್ತಿಯಾಗಿದ್ದುದು ಬೊಮ್ಮಕ್ಕನದೊಂದೇ. ಉಳಿದವು ಕೆಲವು ಗುಂಡಿಯ ಹಂತದಲ್ಲಿದ್ದವು, ಕೆಲವು ಮಾತಿನ ಹಂತದಲ್ಲಿದ್ದವು. ಬಿಲ್ ಕಲೆಕ್ಟರ್ ಜಂಪಣ್ಣ ಸರ್ಕಾರದ ಕೆಲಸ ತಡಮಾಡುವ ಆಸಾಮಿಯಲ್ಲ. ಊರನ್ನೆಲ್ಲ ಬೊಮ್ಮಕ್ಕನ ಹಿತ್ತಲಿಗೆ ಕರೆದು, ನೀಲಿ ಬಾಗಿಲ ಮುಂದೆ ಒಬ್ಬೊಬ್ಬರನ್ನಾಗಿ ನಿಲ್ಲಿಸಿ, ಕೈಗೆ ಕೊಟ್ಟ ಸ್ಲೇಟಿನ ಮೇಲೆ ಹೆಸರು ಅಳಿಸಿ ಬರೆಯುತ್ತ ಮಧ್ಯಾಹ್ನದೊಳಗೆ ಮುಗಿಸಿದ. ನಲವತ್ತೆರಡು ಚಿತ್ರದಲ್ಲೂ ಅದೇ ಕೆಂಪು ಹೇಂಟೆ ಇದೆ. ಮೇಲಿನವರು ಚಿತ್ರಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಗ್ರಾಮದಲ್ಲಿ ಮನೆಮನೆಗೂ ಕೋಳಿ ಸಾಕಣೆ ಇರುವುದು ಶ್ಲಾಘನೀಯ ಎಂದು ಷರಾ ಬರೆದರು. ಊರ ಬಾಗಿಲಿಗೆ ಬಯಲು ಶೌಚ ಮುಕ್ತ ಗ್ರಾಮವೆಂಬ ಬೋರ್ಡು ಬಂತು. ತೋಡಿದ ಗುಂಡಿಗಳಲ್ಲಿ ಜನ ಮೆಕ್ಕೆಜೋಳದ ದಂಟು ತುಂಬಿದರು.

ಹೀಗೆ ಎಲ್ಲವೂ ಸುಸೂತ್ರವಾಗಿರುವಾಗ ಬೊಮ್ಮಕ್ಕನ ಮೊಣಕಾಲು ಕೈಕೊಟ್ಟಿತು. ವಯಸ್ಸು ಎಪ್ಪತ್ತೆರಡು. ಕುಕ್ಕರುಗಾಲಲ್ಲಿ ಕೂರಲೇಬಾರದು ಎಂದು ದಾವಣಗೆರೆಯ ಡಾಕ್ಟರು ಹೇಳಿದರು. ಕೂತರೆ ಏಳಲಾಗದೆ ಆಕೆ ಒಳಗಿನಿಂದ ಕೂಗುವುದು, ಸೊಸೆ ನಾಗರತ್ನ ಹೋಗಿ ಎತ್ತುವುದು ನಡೆದಿತ್ತು. ಸೊಸೆಗೆ ಬೇಸರವಿರಲಿಲ್ಲ, ಅತ್ತೆಗೆ ನಾಚಿಕೆ. ಆ ನಾಚಿಕೆಗೆ ಆಕೆ ಸಂಜೆಯ ಊಟವನ್ನೇ ಬಿಟ್ಟಳು. ಎರಡು ಮುದ್ದೆ ಉಂಡು ಹೊಲದ ಕಳೆ ತೆಗೆದ ಹೆಂಗಸು ಹಾಗೆ ಹೊಟ್ಟೆ ಕಟ್ಟಿಕೊಂಡು ಕೂರುವುದನ್ನು ನೋಡಿದರೆ ಸಂಕಟವಾಗುತ್ತದೆ. ಮಗ ಭೀಮೇಶ್ ಜಗಳೂರಿಗೆ ಹೋಗಿ, ಕುರ್ಚಿಯ ಹಾಗೆ ಕೂರುವ ಕಮೋಡು ಕೊಂಡು ಬಸ್ಸಿನಲ್ಲೇ ತಂದ. ಕಂಡಕ್ಟರ್ ಅದಕ್ಕೆ ಲಗೇಜು ಚೀಟಿ ಹರಿದು, ಸೀಟು ಸಿಗದ ಒಬ್ಬರನ್ನು ಅದರ ಮೇಲೆ ಕೂರಿಸಿದ.

ಭಾನುವಾರ ಭೀಮೇಶ್ ಹಳೆಯದನ್ನು ಒಡೆಯಲು ಹಾರೆ ಎತ್ತಿದ. ಎಲ್ಲಿದ್ದನೋ ಜಂಪಣ್ಣ, ಓಡಿ ಬಂದು ಹಾರೆ ಹಿಡಿದುಕೊಂಡ.

"ಭೀಮೇಶಿ, ಒಂದ್ ಏಟು ಹಾಕಿದ್ರೆ ನಲವತ್ತೆರಡು ಕಕ್ಕಸು ಹೋಗ್ತಾವೆ. ಇಡೀ ಊರನ್ನ ಬಯಲಿಗೆ ಕಳಿಸಬ್ಯಾಡಪ್ಪ."

ವಿಷಯ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಸತೀಶ್ ಕುಮಾರ್ ಅವರ ಮೇಜಿಗೆ ಹೋಯಿತು. ಅವರು ನ್ಯಾಮತಿ ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು, ಸಜ್ಜನರು. ಕಡತ ಓದದೆ ಸಹಿ ಹಾಕುವವರಲ್ಲ, ಓದಿದ ಮೇಲಂತೂ ಹಾಕುವವರೇ ಅಲ್ಲ. ಒಂದು ಶೌಚಾಲಯ ಒಡೆಯಲು ಬೊಮ್ಮಕ್ಕನ ಅರ್ಜಿ ಸಾಕು, ನಲವತ್ತೆರಡು ಒಡೆಯಲು ನಲವತ್ತೆರಡು ಫಲಾನುಭವಿಗಳ ಒಪ್ಪಿಗೆ ಬೇಕು ಎಂದು ಅವರು ಭೀಮೇಶನಿಗೆ ಟೀ ತರಿಸಿ ವಿವರಿಸಿದರು. ಮರುದಿನ ನೋಟಿಸು ಅಂಟಿಸಲಾಯಿತು:

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಸದರಿ ಗ್ರಾಮದ ಸಮಸ್ತ ಶೌಚಾಲಯಗಳು ಶ್ರೀಮತಿ ಬೊಮ್ಮಕ್ಕನವರ ಬಲ ಮೊಣಕಾಲಿನ ಕಾರಣದಿಂದ ಅಪಾಯದಲ್ಲಿರುತ್ತವೆ. ಆಕ್ಷೇಪಣೆ ಉಳ್ಳವರು ವಿಶೇಷ ಗ್ರಾಮಸಭೆಗೆ ಖುದ್ದು ಹಾಜರಾಗತಕ್ಕದ್ದು."

ಗ್ರಾಮಸಭೆಗೆ ಅಷ್ಟು ಜನ ಹಿಂದೆಂದೂ ಸೇರಿರಲಿಲ್ಲ. ಮೊದಲು ಎದ್ದವಳು ಎದುರುಮನೆಯ ಹುಲಿಗೆಮ್ಮ. ದಿನಾ ಬೆಳಗ್ಗೆ ಚೊಂಬು ಹಿಡಿದು ಹೊಲದ ಬದುವಿಗೆ ಹೋಗುವಾಕೆ.

"ನಂದನ್ನ ನನ್ನ ಕೇಳ್ದೆ ಹೆಂಗೆ ಒಡೀತೀರಿ? ನಾ ಹೋಗ್ತೀನೋ ಬಿಡ್ತೀನೋ ಬ್ಯಾರೆ ಮಾತು. ಐತೆ ಅನ್ನೋದೊಂದು ಧೈರ್ಯ."

ಸಭೆ ಚಪ್ಪಾಳೆ ತಟ್ಟಿತು. ಬೊಮ್ಮಕ್ಕ ಗೋಡೆ ಹಿಡಿದು ಎದ್ದು ನಿಂತಳು.

"ನಿಮ್ಮ ನಲವತ್ತೊಂದು ಹಂಗೇ ಇರ್ಲಿ. ನಂದೊಂದು ಒಡೀರಿ. ನನಗೆ ಕುಂತ್ರೆ ಏಳಾಕೆ ಆಗಲ್ಲ."

ಮಾತು ನ್ಯಾಯವಾಗಿತ್ತು. ನಲವತ್ತೆರಡರಲ್ಲಿ ಬೊಮ್ಮಕ್ಕನದು ಯಾವುದೆಂದು ಗುರುತಿಸಲು ಮೂವರ ಸಮಿತಿ ನೇಮಕವಾಯಿತು. ಸಮಿತಿಯವರು ಟೇಪು ಹಿಡಿದು ಒಳಗೆ ಹೋಗಿ ಎರಡು ತಾಸು ಅಳೆದರು. ಜಾಗ ಇಕ್ಕಟ್ಟಾದ್ದರಿಂದ ಒಬ್ಬರು ಹೊರಗಿದ್ದೇ ಅಭಿಪ್ರಾಯ ಕೊಟ್ಟರು. ಬೊಮ್ಮಕ್ಕನವರ ಶೌಚಾಲಯವು ಉಳಿದ ನಲವತ್ತೊಂದರೊಂದಿಗೆ ಬೆರೆತುಹೋಗಿರುವುದರಿಂದ ಬೇರ್ಪಡಿಸಲು ಬರುವುದಿಲ್ಲವೆಂದು ವರದಿ ಬಂತು. ವರದಿಯನ್ನು ಬೊಮ್ಮಕ್ಕನಿಗೂ ಓದಿ ಹೇಳಲಾಯಿತು.

ಸತೀಶ್ ಕುಮಾರ್ ಅವರು ಮೂರು ದಿನ ಯೋಚಿಸಿ ದಾರಿ ಕಂಡುಹಿಡಿದರು. ಒಂದನ್ನು ಒಡೆಯಲಾಗದಿದ್ದರೆ ಎಲ್ಲವನ್ನೂ ಬದಲಿಸುವುದು. ಭೀಮೇಶ್ ತಂದ ಕಮೋಡನ್ನು ನಲವತ್ತೆರಡು ಫಲಾನುಭವಿಗಳ ಹೆಸರಿಗೂ ದಾಖಲಿಸಿದರೆ, ಹಳೆಯವು ಹೋದ ಕ್ಷಣದಲ್ಲೇ ಹೊಸವು ಬಂದಂತಾಗುತ್ತದೆ, ಊರು ಒಂದು ಗಳಿಗೆಯೂ ಬಯಲಾಗುವುದಿಲ್ಲ. ಬೊಮ್ಮಕ್ಕ ಕೇಳಿದ ಕಡೆಯೆಲ್ಲ ಸಹಿ ಹಾಕಿದಳು. ಆಕೆಗೆ ಬೇಕಾಗಿದ್ದುದು ಕೂತು ಏಳುವ ಜಾಗ, ಅದು ಯಾರ ಹೆಸರಲ್ಲಿದ್ದರೇನು?

ಹಳೆಯದು ಒಡೆಯಿತು, ಹೊಸದು ಕೂತಿತು, ಟೈಲ್ಸೂ ಆಯಿತು. ಜಂಪಣ್ಣ ಮತ್ತೆ ನಲವತ್ತೆರಡು ಫೋಟೊ ತೆಗೆದ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಫಲಾನುಭವಿಯು ಮೂವತ್ತು ದಿನ ಬಳಸದ ಶೌಚಾಲಯವನ್ನು ಪಟ್ಟಿಯಿಂದ ತೆಗೆಯತಕ್ಕದ್ದೆಂಬ ಉಪನಿಯಮವೊಂದು ಆ ತಿಂಗಳೇ ಬಂತು. ಬಳಸಿದವರು ಪುಸ್ತಕದಲ್ಲಿ ರುಜು ಮಾಡಬೇಕು.

ಊರವರು ಮೊದಮೊದಲು ರುಜುವಿಗಾಗಿ ಬಂದರು. ಬಂದವರಿಗೆ ಹಾಯಾಯಿತು. ಮುಳ್ಳಿಲ್ಲ, ಹಾವಿಲ್ಲ, ದಾರಿಹೋಕರಿಗೆ ಹೆದರಿ ಎದ್ದು ನಿಲ್ಲುವುದಿಲ್ಲ. ಯಾರೂ ಬದುವಿಗೆ ಮರಳಲಿಲ್ಲ. ಕರೇಮರಡಿಹಳ್ಳಿ ಎಂಟು ವರ್ಷದ ತರುವಾಯ ತನ್ನ ಬೋರ್ಡಿನಲ್ಲಿ ಬರೆದಂತೆಯೇ ಆಯಿತು. ನೂಕುನುಗ್ಗಲು ತಪ್ಪಿಸಲು ಸತೀಶ್ ಕುಮಾರ್ ಅವರು ಬಾಗಿಲಿಗೆ ವೇಳಾಪಟ್ಟಿ ಅಂಟಿಸಿದರು: ಬೆಳಗ್ಗೆ ಐದರಿಂದ, ಮನೆ ನಂಬರಿನ ಪ್ರಕಾರ, ಮನೆಗೆ ಹತ್ತು ನಿಮಿಷ. ಬೊಮ್ಮಕ್ಕನ ಮನೆ ಮೂವತ್ತೆಂಟನೆಯದು. ಆಕೆಯ ಸರದಿ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ. ಕೂಗಿದಾಗ ಇಲ್ಲದವರಿಗೆ ಮರುದಿನ.

ಭೀಮೇಶ್ ಪಂಚಾಯಿತಿಗೆ ಹೋಗಿ, ಅವ್ವನಿಗೆ ಅಷ್ಟು ಹೊತ್ತು ನಿಲ್ಲಲಾಗುವುದಿಲ್ಲ ಎಂದು ಅಲವತ್ತುಕೊಂಡ. ಅಧಿಕಾರಿಗಳಿಗೆ ಕನಿಕರವಾಯಿತು. ವಿಶೇಷ ಪ್ರಕರಣವೆಂದು ಪರಿಗಣಿಸಿ, ಸರದಿಯಲ್ಲಿ ಕೂರಲು ಆಕೆಗೊಂದು ಪ್ಲಾಸ್ಟಿಕ್ ಕುರ್ಚಿ ಮಂಜೂರು ಮಾಡಿದರು. ಪಂಚಾಯಿತಿ ತನಗೆಂದೇ ಕುರ್ಚಿ ಕೊಟ್ಟಿದ್ದನ್ನು ಬೊಮ್ಮಕ್ಕ ನೆಂಟರಿಗೆಲ್ಲ ಹೇಳಿಕೊಂಡಳು.

ಮೊನ್ನೆ ಹುಲಿಗೆಮ್ಮನ ಸರದಿ ಬಂದಾಗ, ಆರು ಜನರ ಹಿಂದೆ ಹೊಟ್ಟೆ ಹಿಡಿದು ಕೂತಿದ್ದ ಬೊಮ್ಮಕ್ಕನನ್ನು ನೋಡಿ ಆಕೆಯ ಮನಸ್ಸು ತಡೆಯಲಿಲ್ಲ.

"ಬೊಮ್ಮಕ್ಕ, ಮೊದ್ಲು ನೀವು ಹೋಗಿ ಬರ್ರಿ. ನಿಮ್ಮನೇದೇ ಅಲ್ಲೇನು?"

"ಬ್ಯಾಡವ್ವ," ಎಂದಳು ಬೊಮ್ಮಕ್ಕ. "ಮನೆ ನಮ್ದು ಅಂತ ಸರದಿ ಮುರಿಯಾಕೆ ಆಗ್ತೈತಾ? ನೋಡಿದೋರು ಏನಂತಾರೆ."

ಸರದಿಯಲ್ಲಿದ್ದವರು ಅದು ಸರಿಯೆಂದು ತಲೆದೂಗಿದರು. ಹುಲಿಗೆಮ್ಮ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.