ಕನ್ನಡಿಯ ಮುಂದೆ ಹದಿಮೂರರ ಮಗ್ಗಿ

ಊರಿನಲ್ಲಿ ಯಾರಿಗೇ ಕಾಯಿಲೆ ಬಂದರೂ ಸಂಜೆಯೊಳಗೆ ಅದು ನನಗೂ ಬರುತ್ತದೆ. ಮುಚ್ಚಿಟ್ಟು ಪ್ರಯೋಜನವಿಲ್ಲ, ನನ್ನ ಸ್ವಭಾವವೇ ಹಾಗೆ. ಬೀದರಿನ ಸರಕಾರಿ ಕಚೇರಿಯಲ್ಲಿ ನನ್ನ ಪಕ್ಕದಲ್ಲಿ ಕೂತು ಉರ್ದು ಅರ್ಜಿಗಳನ್ನು ನಕಲು ಮಾಡುತ್ತಿದ್ದ ಭಾಲ್ಕಿಯ ಗುಮಾಸ್ತರಿಗೆ ಲಕ್ವಾ ಹೊಡೆಯಿತೆಂದರೆ ನಾನು ಸುಮ್ಮನಿರುವುದುಂಟೆ? ಅಂದೇ ಹಕೀಮರ ಮನೆಗೆ ಓಡಿದೆ. ಅವರು ನಾಡಿ ಹಿಡಿದು ನೋಡಿ ನಕ್ಕರು. "ನಿಮಗೇನೂ ಆಗಿಲ್ರಿ ಮುನಶೀಜಿ. ಅಚಾನಕ್ ಬಾಯಿ ಒಂದ್ ಬಾಜು ಸೊಟ್ಟ ಆದ್ರ, ಒಂದ್ ಕೈ ಕೆಳಗ ಬಿದ್ರ, ಮಾತು ತೊದಲಿದ್ರ ಲಕ್ವಾ ಅಂತ ತಿಳ್ಕೊರಿ. ಮಲಗಿದ್ರ ಹೋಗ್ತದ ಅಂತ ಕೂಡಬ್ಯಾಡ್ರಿ, ಆಗಿಂದಾಗ ಕರ್ಕೊಂಡು ಬರ್ರಿ."

ಮರುದಿನದಿಂದ ನೌಬಾದಿನ ನಮ್ಮ ಮನೆಯಲ್ಲಿ ಹೊಸ ನಿತ್ಯಕರ್ಮ ಶುರುವಾಯಿತು. ಕನ್ನಡಿಯ ಮುಂದೆ ನಿಂತು ಹಲ್ಲು ಕಿರಿಯುವುದು, ಎರಡೂ ಕೈ ಎತ್ತುವುದು, ನಾಲಿಗೆಯ ಪರೀಕ್ಷೆಗೆ ಹದಿಮೂರರ ಮಗ್ಗಿ ಹೇಳುವುದು. ಹದಿಮೂರೇಳ್ಲೆ ಎನ್ನುವಲ್ಲಿ ದಿನವೂ ತಡವರಿಸುತ್ತಿದ್ದೆ, ದಿನವೂ ಬೆವರುತ್ತಿದ್ದೆ. ಹೆಂಡತಿ ಗುರುಬಾಯಿ ಒಲೆಯ ಮುಂದಿನಿಂದಲೇ "ತೊಂಬತ್ತೊಂದ್ರಿ!" ಎಂದು ಕೂಗಿ ನನ್ನ ಜೀವ ಉಳಿಸುತ್ತಿದ್ದಳು.

ಔರಾದ ಕಡೆಯ ಚಿಂತಾಕಿಯಿಂದ ಮಾವನವರು ಬಂದದ್ದು ಆ ದಿನಗಳಲ್ಲೇ. ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ಕಣ್ಣೆದುರು ಹಿಡಿದು ಪೂಜೆಗೆ ಕೂತರೆ ಅವರ ಕೈ ಕದಲುತ್ತಿರಲಿಲ್ಲ. ಒಂದು ಬೆಳಿಗ್ಗೆ ಆ ಕೈ ಮೆಲ್ಲಗೆ ಇಳಿಯಿತು. ಬಲಗೈಯಿಂದ ಎತ್ತಿಕೊಂಡರು, ಮತ್ತೆ ಇಳಿಯಿತು. ಏನೋ ಅಂದರು, ತಿಳಿಯಲಿಲ್ಲ. ತುಟಿಯೂ ಒಂದು ಕಡೆಗೆ ವಾಲಿತ್ತು. ಲಕ್ವಾದಲ್ಲಿ ಪಂಡಿತನಾದ ನಾನು ಇದಿಷ್ಟನ್ನೂ ಕಣ್ಣಾರೆ ಕಂಡೆ. ಕಂಡು, ಮಾವನವರು ಲಿಂಗದಲ್ಲಿ ಲೀನರಾಗಿದ್ದಾರೆಂದು ಭಕ್ತಿಯಿಂದ ಕೈ ಮುಗಿದು ಕೂತೆ.

ಗುರುಬಾಯಿ ರೊಟ್ಟಿ ಬಿಟ್ಟು ಓಡಿಬಂದು, ಲಿಂಗ ಜಾರದಂತೆ ಅಪ್ಪನ ಕೈಗೆ ತನ್ನ ಕೈ ಆನಿಸಿದಳು. "ಅಪ್ಪಾ, ಜರಾ ನಗ್ರಿ." ಅರ್ಧ ಬಾಯಿ ಮಾತ್ರ ನಕ್ಕಿತು. ಲಿಂಗವನ್ನು ತೆಗೆದಿಟ್ಟು, "ಎರಡೂ ಕೈ ಎತ್ರಿ" ಎಂದಳು. ಒಂದೇ ಎದ್ದಿತು. ಅವಳು ನನ್ನ ಕಡೆ ತಿರುಗಿದಳು. "ಕೈ ಯಾಕ ಮುಗಿಲಾಕತ್ತೀರಿ? ಟಾಂಗಾ ತರ್ರಿ!" ಟಾಂಗಾದವನ ಮುಂದೆ ನನಗೆ ಮಾತೇ ಹೊರಡಲಿಲ್ಲ, ಬರೀ ಮನೆಯ ಕಡೆ ಬೆರಳು ತೋರಿಸಿದೆ. ಅವನು ನನ್ನನ್ನೇ ರೋಗಿಯೆಂದು ತಿಳಿದು, ಪಾಪ, ಎತ್ತಿ ಕೂರಿಸಿಕೊಂಡು ತಂದ.

ಹಕೀಮರ ಮನೆಯ ದಾರಿಯುದ್ದಕ್ಕೂ ಮಾವನವರು ಬಿದ್ದ ಕೈಯನ್ನೇ ನೋಡುತ್ತಿದ್ದರು. "ಇನ್ನ ಲಿಂಗ ಎಲ್ಲಿ ಇಟ್ಕೊಳ್ಳಲವ್ವಾ?" ಎಂದು ತೊದಲಿದರು. "ಅದು ಏಳೋ ತನಕ ನನ್ನ ಕೈ ಆಸರಿ ಕೊಡ್ತೇನಪ್ಪಾ" ಎಂದಳು ಗುರುಬಾಯಿ. ನನಗೆ ಅಳು ಬಂತು. ಕೈ ಮುಗಿದು ಕೂತದ್ದು ನೆನಪಾಗಿ ನಾಚಿಕೆಯೂ ಆಯಿತು.

ಹೊತ್ತಿಗೆ ಸರಿಯಾಗಿ ತಂದಿರೆಂದರು ಹಕೀಮರು. ಎರಡು ತಿಂಗಳು ಎಣ್ಣೆ ತಿಕ್ಕಿದ ಮೇಲೆ, ಶಿವನ ದಯೆ, ಕೈ ಎದ್ದಿತು. ಈಗ ಪೂಜೆ ಮುಗಿಸಿ ಮಾವನವರೂ ನನ್ನ ಪಕ್ಕ ಕನ್ನಡಿಯ ಮುಂದೆ ನಿಲ್ಲುತ್ತಾರೆ. ನಗುತ್ತಾರೆ, ಎರಡೂ ಕೈ ಎತ್ತುತ್ತಾರೆ, ಹದಿಮೂರರ ಮಗ್ಗಿಯನ್ನು ಒಂದೇ ಉಸಿರಿಗೆ ಮುಗಿಸುತ್ತಾರೆ. ನಾನು ಏಳ್ಲೆಯಲ್ಲಿ ಸಿಕ್ಕಿಕೊಂಡು ಹೆದರಿ ಅವರ ಮುಖ ನೋಡುತ್ತೇನೆ.

"ಗಾಬರಿ ಆಗಬ್ಯಾಡ್ರಿ ಅಳಿಯಂದ್ರ," ಎನ್ನುತ್ತಾರೆ. "ಲಕ್ವಾ ಅಚಾನಕ್ ಬರ್ತದ. ನಿಮ್ಮದು ಹುಟ್ಟಿದಾಗಿಂದ ಅದ."